ಎದ್ದು ಹೋಗುವ ಹಾಡು

ನಮ್ಮ ಕ್ಯಾಸೆಟ್ಟಿನ ಸಂಗೀತ ಕಿವಿಗೆ ಬೀಳದವರು ಶಿರಾ ಸೀಮೆಯಲ್ಲಿ ಒಬ್ಬರೂ ಇರಲಿಲ್ಲ. ಕೊನೆಯವರೆಗೆ ಕೇಳಿದವರು ಮಾತ್ರ ಒಬ್ಬರೇ. ಮೊದಲನೆಯ ಮಾತನ್ನು ನಾನು ಬಹಳ ವರ್ಷ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದ್ದೇನೆ. ಎರಡನೆಯದನ್ನು ಈಗ ಹೇಳುತ್ತಿದ್ದೇನೆ.

ಎಂಬತ್ತರ ದಶಕದ ನಡುಗಾಲ. ನಮ್ಮಪ್ಪ ಮಧುಗಿರಿಯಲ್ಲಿ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದರು. ಕೆಂಪು ಕೋಟು, ಭುಜಕ್ಕೆ ಜರಿಯ ಗೊಂಡೆ, ತಲೆಗೆ ಯಾವ ಸೈನ್ಯಕ್ಕೂ ಸೇರದ ಒಂದು ಟೋಪಿ. ನನಗೂ ಎಂಟು ವರ್ಷ ಕಲಿಸಿದರು. ಬೆರಳಿನ ಬಗ್ಗೆ ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವರದೆಲ್ಲ ಉಸಿರಿನ ಪಾಠ. ಹಾಡಿನ ಯಾವ ಜಾಗದಲ್ಲಿ ಉಸಿರು ಎಳೆದುಕೊಳ್ಳಬೇಕು, ಎಲ್ಲಿ ಜೀವ ಹೋದರೂ ಎಳೆದುಕೊಳ್ಳಬಾರದು ಎಂಬುದನ್ನು ಹಿಂದೆ ನಿಂತು, ಬೆನ್ನಿನ ನಡುಮಧ್ಯಕ್ಕೆ ಒಂದೊಂದು ಏಟು ಹಾಕಿ ಕಲಿಸುತ್ತಿದ್ದರು. ಏಟು ಬಿದ್ದ ಕಡೆ ಉಸಿರು. ಬೀಳದಿದ್ದರೆ ಮುಂದೆ ಹೋಗು.

ಇಪ್ಪತ್ತಕ್ಕೆ ಬಂದಾಗ ನಾನು ಆ ಕೆಂಪು ಕೋಟು ಹಾಕಿಕೊಳ್ಳುವುದಿಲ್ಲ ಎಂದುಬಿಟ್ಟೆ. ಕಾಲೇಜು ಓದಿದ ಮಹಾನುಭಾವ ನಾನು. ಬ್ಯಾಂಡಿನವರಿಗೆ ಮದುವೆಮನೆಯಲ್ಲಿ ಯಾವಾಗಲೂ ಕೊನೆಯ ಪಂಕ್ತಿ, ಪಾಯಸ ಮುಗಿದಮೇಲಿನ ಪಂಕ್ತಿ. ಅದು ನನ್ನ ಮರ್ಯಾದೆಗೆ ಕಡಿಮೆಯಾಯಿತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವತ್ತಿನಿಂದ ಮಳೆ, ಬೆಳೆ, ಅಮ್ಮನ ಮಂಡಿನೋವು ಎಲ್ಲದರ ಬಗ್ಗೆಯೂ ನನ್ನ ಹತ್ತಿರ ಮಾತಾಡಿದರು. ಸಂಗೀತದ ಬಗ್ಗೆ ಮಾತ್ರ ಒಂದಕ್ಷರ ಆಡಲಿಲ್ಲ.

ನಾನು ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆದೆ. ಬೆರಳು ಸುಮ್ಮನಿರಬೇಕಲ್ಲ, ಬೆಂಗಳೂರಿಗೆ ಹೋಗಿ ಜಪಾನಿನ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ತಂದೆ. ಪಾವಗಡದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯನೊಬ್ಬ ಬಿಸ್ಕತ್ತಿನ ಡಬ್ಬದೊಳಗೆ ಏನೇನೋ ತಂತಿ ಬೆಸೆದು, ಗುಂಡಿ ತಿರುಗಿಸಿದರೆ ತಾನೇ ತಾಳ ಹಾಕುವ ಯಂತ್ರವೊಂದನ್ನು ಮಾಡಿದ. 'ಟಿಕ್ ಟಿಕ್ ಟುಸ್' ಎನ್ನುತ್ತಿತ್ತು. ಕೊರಟಗೆರೆಯ ಇನ್ನೊಬ್ಬನ ಬಳಿ ಕರೆಂಟಿಗೆ ಸಿಕ್ಕಿಸುವ ಬ್ಯಾಂಜೋ ಇತ್ತು. ಮೂವರೂ ಸೇರಿ ನಾಡಿನ ಮೊದಲ ಎಲೆಕ್ಟ್ರಾನಿಕ್ ಬ್ಯಾಂಡ್ ಆದೆವು. ಮೊದಲನೆಯದು ಎಂದು ಯಾರು ಹೇಳಿದರೆಂದು ಕೇಳಬೇಡಿ, ನಾವೇ ಹೇಳಿಕೊಂಡೆವು.

ಕೀಬೋರ್ಡ್ ಮನೆಗೆ ಬಂದ ದಿನ ಅಪ್ಪ ಅದನ್ನು ಸುತ್ತಲೂ ನೋಡಿ, ನನ್ನನ್ನು ಬಿಟ್ಟು ಅಮ್ಮನಿಗೆ ಹೇಳಿದರು: "ಇದ್ನ ಎಲ್ಲಿಂದ ಊದ್ತಾರೆ ಅಂತ ಕೇಳು ನಿನ್ ಮಗನ್ನ."

ಆ ಕ್ಷಣಕ್ಕೆ ನನಗೆ ಹಟ ಹಿಡಿಯಿತು. ಒಂದು ಕ್ಯಾಸೆಟ್ ಮಾಡಬೇಕು, ಅಪ್ಪ ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳಬೇಕು, ಕೇಳಿ ಏನಾದರೂ ಅನ್ನಬೇಕು. ಹೊಗಳಿಕೆಯೇ ಬೇಕೆಂದಿರಲಿಲ್ಲ. ಥೂ ಅಂದಿದ್ದರೂ ಸಾಕಿತ್ತು.

ಬೆಂಗಳೂರಿನ ಸ್ಟುಡಿಯೋ ಎಂದರೆ ಹೋಟೆಲೊಂದರ ಮೇಲಿನ ಮಹಡಿಯಲ್ಲಿದ್ದ ಕೋಣೆ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆ ಮೊಟ್ಟೆ ಜೋಡಿಸುವ ಕಾಗದದ ತಟ್ಟೆಗಳನ್ನು ಅಂಟಿಸಿದ್ದರು. ಆದರೆ ಕೆಳಗಿನ ಸಾರಿನ ವಾಸನೆ ಒಳಗೆ ಬರುವುದನ್ನು ಅವು ತಡೆಯುತ್ತಿರಲಿಲ್ಲ. ರೆಕಾರ್ಡಿಂಗ್ ಮಾಡುವಾತ ನಮ್ಮ ಡಬ್ಬ, ಬ್ಯಾಂಜೋ, ಕೀಬೋರ್ಡುಗಳಿಗೆಲ್ಲ ತಂತಿ ಸಿಕ್ಕಿಸಿ, ಬಾಗಿಲ ಕಡೆ ನೋಡುತ್ತಾ ಕುಳಿತ. "ಶುರು ಮಾಡೋಣವೇ?" ಎಂದೆವು. "ಹಾಡೋರು ಬರಲಿ" ಎಂದ. ಹಾಡುವವರು ಯಾರೂ ಇಲ್ಲ, ಇದು ಬರೀ ಎಲೆಕ್ಟ್ರಾನಿಕ್ ಸಂಗೀತ ಎಂದು ವಿವರಿಸಿದೆವು. ಆತ ಬಟನ್ ಒತ್ತಿ, ಇಡ್ಲಿ ತಿನ್ನಲು ಕೆಳಗಿಳಿದ. ಹೀಗೆ ನಮ್ಮ ಆಲ್ಬಮ್ಮಿನ ಮೊದಲ ಶ್ರೋತೃವೇ ಎದ್ದುಹೋದ. ಅದೊಂದು ಮುನ್ಸೂಚನೆ ಎಂದು ತಿಳಿಯುವಷ್ಟು ಬುದ್ಧಿ ನಮಗಿರಲಿಲ್ಲ.

ಎರಡನೇ ಬದಿಯ ಮೊದಲ ತುಣುಕು ನನ್ನದು. ಕೀಬೋರ್ಡಿನಲ್ಲಿ ಕೆಳಗಿನಿಂದ ಮೇಲಕ್ಕೆ 'ಟುಂಯ್' ಎಂದು ಏರಿಸಿ ಶುರು ಮಾಡಿದ್ದೆ. ಆಮೇಲೆ ಆರು ನಿಮಿಷ ನಾನೊಬ್ಬನೇ, ಹಿಂದೆ ಡಬ್ಬ. ಅಪ್ಪನಿಗೆ ಕೇಳಿಸಬೇಕೆಂದು ಲೆಕ್ಕ ಹಾಕಿ ಮಾಡಿದ ತುಣುಕು ಅದು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಮಧುಗಿರಿ ಬೆಟ್ಟದ ಚಿತ್ರ, ಅದರ ತುದಿಗೆ ಬಡಿಯುತ್ತಿರುವ ಸಿಡಿಲು. ಸಿಡಿಲು ಯಾಕೆಂದರೆ ಕರೆಂಟ್. ಅಷ್ಟು ಆಳವಾಗಿ ಯೋಚಿಸಿದ್ದೆವು.

ಒಂದು ಟ್ರಂಕು ತುಂಬ ಕ್ಯಾಸೆಟ್ ಹೊತ್ತುಕೊಂಡು ಬಂದು ಹಂಚಿದೆವು. ಜನ ಕೊಂಡರು. ಹದಿನೈದು ದಿನದಲ್ಲಿ ವಾಪಸು ತರತೊಡಗಿದರು. ಪಾವಗಡದ ಅಂಗಡಿಗೆ ನಾಗಲಮಡಿಕೆಯಿಂದ ಬಂದ ಅಜ್ಜನೊಬ್ಬ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು, "ಪಾಟ ಐತೆ, ಪಾಡೋರು ಲೇರು ಕಣಪ್ಪ. ಅಳಿಸ್ಕೊಂಡು ಹೋಗೈತೆ. ರಿಪೇರಿ ಮಾಡ್ಕೊಡು" ಎಂದ. ಗಡಿಯ ತೆಲುಗು ಬೆರೆತ ಮಾತು: ಹಾಡಿದೆ, ಹಾಡುವವರೇ ಇಲ್ಲ ಎಂಬುದು ಅವನ ದೂರು.

"ಅದು ಇರೋದೇ ಅಂಗೆ ತಾತಾ, ನಮ್ದು ಎಲೆಕ್ಟ್ರಾನಿಕ್" ಎಂದ ಗೆಳೆಯ.

"ಎಲೆಕ್ಟ್ರಾನಿಕ್ ಆದ್ರೆ ಗಂಟಲು ಇರಬಾರ್ದಾ?"

ಗೆಳೆಯ ಒಂದು ದೇವರನಾಮದ ಕ್ಯಾಸೆಟ್ ಬದಲಿಗೆ ಕೊಟ್ಟು ಕಳಿಸಿದ. ಕೊರಟಗೆರೆಯ ಹೋಟೆಲಿನವನು ಒಂದು ಬೆಳಿಗ್ಗೆ ಹಾಕಿ ನೋಡಿ, ರುಬ್ಬುವ ಮೋಟಾರು ಕೆಟ್ಟಿತೆಂದು ಸ್ವಿಚ್ ಆರಿಸಲು ಓಡಿದನಂತೆ. ನಮ್ಮೂರಿನ ವಾರಪತ್ರಿಕೆ ಮಾತ್ರ 'ಯುವಕರ ಸಾಹಸ ಮೆಚ್ಚತಕ್ಕದ್ದು' ಎಂದು ಬರೆಯಿತು. ಬರೆದವರು ಕೇಳಿರಲಿಲ್ಲ. ಅವರ ಟೇಪ್‌ರೆಕಾರ್ಡರ್ ನಮ್ಮ ಗೆಳೆಯನ ಅಂಗಡಿಯಲ್ಲೇ ರಿಪೇರಿಗೆ ಬಿದ್ದಿತ್ತು.

ಮನೆಯಲ್ಲಿ ಅಪ್ಪನ ಹಾಸಿಗೆಯ ಪಕ್ಕ ಒಂದು ಕ್ಯಾಸೆಟ್ ಇಟ್ಟಿದ್ದೆ. ಅದು ಸುತ್ತಿದ್ದ ಕಾಗದದ ಸಮೇತ ಹಾಗೇ ಇತ್ತು. ಅಮ್ಮ ಪ್ರತಿದಿನ ಅದನ್ನೆತ್ತಿ ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದಳು.

ಆಗ ಬಂತು ಗೌಡಗೆರೆಯಿಂದ ಸಿಹಿಸುದ್ದಿ. ಅಲ್ಲಿ ಟೆಂಟ್ ಸಿನಿಮಾ ನಡೆಸುತ್ತಿದ್ದ ಶಿರಾದ ಸಾಬರೊಬ್ಬರು ನಮ್ಮ ಕ್ಯಾಸೆಟ್ಟನ್ನು ದಿನಾ ಹಾಕುತ್ತಾರಂತೆ, ಒಂದು ಪ್ರತಿ ಸವೆದು ಇನ್ನೊಂದು ತರಿಸಿಕೊಂಡರಂತೆ. ಮೂವರೂ ಬಸ್ಸು ಹತ್ತಿ ಓಡಿದೆವು. ಹೊಸ ಶರ್ಟು ಬೇರೆ ಹಾಕಿಕೊಂಡಿದ್ದೆವು.

ನಮ್ಮ ಕಡೆ ಟೆಂಟಿನ ಹಾಡೇ ಜನರ ಗಡಿಯಾರ. ಕೊಂಬಿನ ಸ್ಪೀಕರಿನಲ್ಲಿ ಗಣಪತಿಯ ಹಾಡು ಬಂದರೆ ಟಿಕೆಟ್ ಕೊಡುತ್ತಿದ್ದಾರೆ ಎಂದರ್ಥ. ಅದರ ಮುಂದಿನ ಹಾಡು ಬಂದರೆ ಬಾಗಿಲು ಹಾಕುತ್ತಾರೆ. ಸುತ್ತಲಿನ ಹಳ್ಳಿಯವರು ಕಡಲೆಕಾಯಿ ಹೊಲದಲ್ಲೇ ನಿಂತು ಕಿವಿಗೊಟ್ಟು, ಎಷ್ಟು ಜೋರಾಗಿ ನಡೆಯಬೇಕೆಂದು ತೀರ್ಮಾನಿಸುತ್ತಿದ್ದರು. ನಮ್ಮ ಸಂಗೀತ ಯಾವುದಕ್ಕೆ ಗುರುತಾಗಿರಬಹುದೆಂದು ಯೋಚಿಸುತ್ತಾ ಮ್ಯಾಟಿನಿಗೆ ಕುಳಿತೆವು. ಸಿನಿಮಾ ಮುಗಿಯಿತು. ಪರದೆ ಬೆಳ್ಳಗಾಯಿತು. 'ಟುಂಯ್' ಎಂದಿತು. ಇಡೀ ಟೆಂಟು ಒಂದೇ ಸಲಕ್ಕೆ ಎದ್ದು, ಹಿಂಬದಿಯ ಮರಳು ಕೊಡವಿಕೊಂಡು, ಮಕ್ಕಳನ್ನು ಕಂಕುಳಿಗೇರಿಸಿ ಹೊರಟಿತು. ಎರಡು ನಿಮಿಷದಲ್ಲಿ ಒಳಗೆ ನಾವು ಮೂವರು ಮತ್ತು ಒಂದು ನಾಯಿ ಉಳಿದೆವು. ನಾಯಿಯೂ ಸ್ವಲ್ಪ ಹೊತ್ತಿಗೆ ಎದ್ದಿತು.

ಸಾಬರು ನಮ್ಮ ಕೈ ಹಿಡಿದು ಕುಲುಕಿದರು. "ಅರೆ ಭಾಯ್, ಏನು ಹೇಳ್ಲಿ! ಮೊದ್ಲು ಜನ ಏಳ್ತಾನೇ ಇರ್ಲಿಲ್ಲ. ಮುಂದಿನ ಆಟಾನೂ ಪುಕ್ಸಟ್ಟೆ ನೋಡ್ಬೇಕು ಅಂತ ಕೂತ್ಬುಡೋರು. ಒಳ್ಳೆ ಹಾಡು ಹಾಕಿದ್ರೆ ಕೇಳ್ತಾ ಕೂತ್ಕೋತಾರೆ, ಹಾಡೇ ಹಾಕ್ದಿದ್ರೆ ಮಲ್ಕೋತಾರೆ. ನಿಮ್ದು ಹಾಕ್ದೆ ನೋಡಿ, ಖಾಲಿ! ಬಹುತ್ ಕಾಮ್ ಕಾ ಚೀಜ್, ಬಾಳ ಉಪಯೋಗಕ್ಕೆ ಬರ್ತದೆ!"

ಈ ಪರಮೌಷಧದ ಸುದ್ದಿಯನ್ನು ಅವರು ಉಳಿದ ಟೆಂಟಿನವರಿಗೂ ಉದಾರವಾಗಿ ಹೇಳಿದ್ದರು. ಆ ವರ್ಷ ಶಿರಾದಿಂದ ಆಂಧ್ರದ ಗಡಿಯವರೆಗೆ ಸಿನಿಮಾ ನೋಡಿದವರೆಲ್ಲ ನಮ್ಮ ಸಂಗೀತ ಕೇಳಿ ಎದ್ದುಹೋದರು. ಇಷ್ಟು ಖಚಿತವಾದ ಪರಿಣಾಮ ಬೇರೆ ಯಾವ ಸಂಗೀತಗಾರನಿಗೂ ಸಿಕ್ಕಿರಲಾರದು.

ಇಷ್ಟಾದರೂ ಬುದ್ಧಿ ಬರಲಿಲ್ಲ. ಗೌಡಗೆರೆಯ ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದರು, ಹೋದೆವು. ಜನ ಕಿಕ್ಕಿರಿದಿದ್ದರು. ಎಲ್ಲರಿಗೂ ಗೊತ್ತಿರುವ ನಮ್ಮ ಪ್ರಸಿದ್ಧ ತುಣುಕಿನಿಂದಲೇ ಶುರು ಮಾಡೋಣ ಎಂದವನು ನಾನೇ. 'ಟುಂಯ್' ಎಂದೆ. ಮುಂದಿನ ಸಾಲು ಎದ್ದಿತು, ಹಿಂದಿನ ಸಾಲು ಎದ್ದಿತು, ಹೆಂಗಸರು ಮಕ್ಕಳನ್ನು ಎತ್ತಿಕೊಂಡರು. ಅಧ್ಯಕ್ಷತೆ ವಹಿಸಿದ್ದ ಹೆಡ್‌ಮಾಸ್ತರು ಕೂಡ ಕುರ್ಚಿಯ ಕೆಳಗೆ ಚಪ್ಪಲಿ ಹುಡುಕತೊಡಗಿದರು. ಗೇಟಿನ ಹತ್ತಿರ ಒಬ್ಬ ಇನ್ನೊಬ್ಬನನ್ನು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಇಷ್ಟು ಬೇಗ ಮುಗ್ದೋಯ್ತೇನ್ಲಾ?"

ಬ್ಯಾಂಜೋದವನು ವಾದ್ಯವನ್ನು ಮೊಳೆಗೆ ನೇತುಹಾಕಿ ಬಸ್ ಕಂಡಕ್ಟರ್ ಆದ. ಪಾವಗಡದವನು ತಾಳದ ಡಬ್ಬವನ್ನು ಬಿಚ್ಚಿ ಬಿಡಿಭಾಗಗಳನ್ನು ರೇಡಿಯೋಗಳಿಗೆ ಹಾಕಿದ. ನನಗೆ ಮಾತ್ರ ಒಂದು ಕೆಲಸ ಬಾಕಿ ಇತ್ತು. ಮುಂದಿನ ಭಾನುವಾರ ಗೌಡಗೆರೆಗೆ ಹೋಗಿ, ದಯವಿಟ್ಟು ಆ ಹಾಡು ನಿಲ್ಲಿಸಿ ಎಂದು ಸಾಬರ ಕಾಲಿಗೆ ಬೀಳುವುದು. ಅಪ್ಪ ಅದನ್ನು ಕೇಳಬೇಕೆಂದು ಒದ್ದಾಡುತ್ತಿದ್ದವನು, ಎಲ್ಲಿ ಕೇಳಿಬಿಡುತ್ತಾರೋ ಎಂದು ಈಗ ಹೆದರುತ್ತಿದ್ದೆ. ಮಗನ ಸಂಗೀತಕ್ಕೆ ಜನ ಏಳುವುದನ್ನು ಅವರು ನೋಡಬಾರದಿತ್ತು.

ನಾನು ಹೋದಾಗ ಮ್ಯಾಟಿನಿ ಮುಗಿಯುತ್ತಿತ್ತು. ಸಾಬರು ಪ್ರೊಜೆಕ್ಟರಿನ ಗೂಡಿನಲ್ಲಿದ್ದರು. ಬಾಯಿ ತೆರೆಯುವಷ್ಟರಲ್ಲಿ ಅವರು ಟೇಪಿನ ಗುಂಡಿ ಒತ್ತಿಯೇಬಿಟ್ಟರು. ಎಂದಿನಂತೆ ಜನ ಎದ್ದರು. ಗೋಡೆಯ ಕಿಂಡಿಯಲ್ಲಿ ನೋಡಿದೆ. ಬೆಂಚಿನ ಸಾಲಿನಲ್ಲಿ ಆರೇಳು ಕೆಂಪು ಕೋಟುಗಳು. ಅವತ್ತು ಬೆಳಿಗ್ಗೆ ಊರಿನಲ್ಲಿ ಮದುವೆಯಿತ್ತು, ಊಟ ಮುಗಿಸಿ ಬ್ಯಾಂಡಿನವರು ಸಿನಿಮಾಕ್ಕೆ ಬಂದಿದ್ದರು. ಎಲ್ಲ ಕೋಟುಗಳೂ ಎದ್ದವು, ಒಂದು ಬಿಟ್ಟು.

"ಏಳಣ್ಣೋ, ಮುಗೀತು" ಎಂದು ಡೋಲಿನವನು ತೋಳು ಜಗ್ಗಿದ. ಅಪ್ಪ ಕೈಯಾಡಿಸಿ ಅವನನ್ನು ಕಳಿಸಿದರು. ಕ್ಲಾರಿಯೊನೆಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಿಳಿ ಪರದೆಯನ್ನೇ ನೋಡುತ್ತಾ ಕುಳಿತರು. ಕಸ ಗುಡಿಸುವಾಕೆ ಅವರ ಕಾಲ ಸುತ್ತ ಪೊರಕೆ ಆಡಿಸಿಕೊಂಡು ಮುಂದೆ ಹೋದಳು.

"ಯಾರು ಆ ಬುಡ್ಡಾ? ಏಳ್ತಾನೇ ಇಲ್ವಲ್ಲ" ಎಂದರು ಸಾಬರು.

"ಕೇಳ್ತಿದ್ದಾರೆ. ಬಿಡಿ" ಎಂದೆ.

ಆರು ನಿಮಿಷ ಇಷ್ಟು ದೀರ್ಘವೆಂದು ನನಗೂ ಗೊತ್ತಿರಲಿಲ್ಲ. ಮುಗಿದ ಮೇಲೆ ಕೆಳಗಿಳಿದು ಹೋಗಿ ಅವರ ಮುಂದೆ ನಿಂತೆ. ನನ್ನನ್ನು ನೋಡಿ ಅವರಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ಆ ಟುಸ್ ಟುಸ್ ಅನ್ನದು ಏನ್ಲಾ ಅದು? ಸೈಕಲ್ಲಿಗೆ ಗಾಳಿ ಹೊಡ್ದಂಗೈತೆ."

"ತಾಳ ಅಪ್ಪ."

"ಹೂಂ." ಪೆಟ್ಟಿಗೆಯ ಬೀಗ ಒತ್ತಿ ಬಿಚ್ಚಿ ಮಾಡಿದರು. "ಆ ಮಿಷಿನ್ನಿಗೆ ಉಸ್ರು ಬೇಕಾಗಿಲ್ಲ, ಅಲ್ವಾ?"

"ಬೇಕಾಗಿಲ್ಲ. ಬೆರಳು ಒತ್ತಿದಷ್ಟು ಹೊತ್ತೂ ಸ್ವರ ಬರ್ತದೆ."

"ಅಂಗಾದ್ರೆ ನಾನು ಉಸ್ರು ಎಳ್ಕಳೋ ಜಾಗ್ದಲ್ಲೆಲ್ಲ ನೀನ್ಯಾಕ್ಲಾ ಬೆರಳು ಎತ್ತಿದೀಯ?"

ನನಗೆ ಗೊತ್ತೇ ಇರಲಿಲ್ಲ. ದೇವರಾಣೆ, ಎತ್ತಿದ್ದೇನೆಂದೇ ಗೊತ್ತಿರಲಿಲ್ಲ.

"ಒಂದು ಕಡೆ ತಪ್ಪಿದೀಯ" ಎಂದರು. "ಮನೇಗ್ ಬಾ, ತೋರುಸ್ತೀನಿ." ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, ಎದ್ದು, ನಡೆಯುವುದಕ್ಕೆ ಆಸರೆಯಾಗಿ ನನ್ನ ಬೆನ್ನಿನ ನಡುಮಧ್ಯಕ್ಕೆ ಕೈಯೂರಿದರು. ಬಸ್ ನಿಲ್ದಾಣದವರೆಗೂ ಆ ಕೈ ಅಲ್ಲೇ ಇತ್ತು. ಹಾಡು ನಿಲ್ಲಿಸಿ ಎಂದು ಸಾಬರಿಗೆ ಹೇಳುವುದನ್ನು ನಾನು ಮರೆತೇಬಿಟ್ಟೆ.