ಅಡ್ಡದಾರಿಯ ಅಂಜಿನಪ್ಪ ಮಾವ

ಸಂಜೆ ನಾಲ್ಕೂ ನಲವತ್ತಕ್ಕೆ ಅಂಜಿನಪ್ಪ ಮಾವನ ಎಡಗಾಲು ಮೊಣಕಾಲಿನವರೆಗೆ ನೆಲದೊಳಗೆ ಇಳಿಯಿತು. ಆಗ ನಾನು ಮೊಬೈಲಿನಲ್ಲಿ ಅವನ ಫೋಟೊ ತೆಗೆಯುತ್ತಿದ್ದೆ. ಹೊತ್ತು ಗೊತ್ತಿರುವುದು ಹಾಗೆ. ಫೋಟೊದಲ್ಲಿ ಅವನು ಇನ್ನೂ ನಗುತ್ತಿದ್ದಾನೆ.

ಮಾವ ನನ್ನ ಅಮ್ಮನ ತಮ್ಮ, ಪಾವಗಡದವನು. ಸುಡುಬಿಸಿಲಿನಲ್ಲೂ ಹೆಗಲ ಮೇಲೆ ಕರಿ ಕಂಬಳಿ. ದಾರಿ ಹಿಡಿದು ನಡೆದವನೇ ಅಲ್ಲ. ಕೊರಟಗೆರೆ ಹತ್ತಿರದ ನಮ್ಮೂರಿಗೆ ಬಂದರೆ, ಬಸ್ಸಿಳಿದು ಏರಿಯ ಮೇಲಿನ ರಸ್ತೆ ಬಿಟ್ಟು ಒಣಗಿದ ಕೆರೆಯ ಅಂಗಳಕ್ಕೆ ಇಳಿಯುವನು. ಜಾಲಿಗಳ ನಡುವೆ ನುಸುಳಿ ನಮ್ಮ ಹಿತ್ತಲ ಬಾಗಿಲಿಗೇ ಬರುವನು. ಮುಂಬಾಗಿಲಿನ ರಂಗೋಲಿಯನ್ನು ಇವನು ಕಂಡೇ ಇಲ್ಲ ಎಂದು ಅಮ್ಮ ಆಡಿಕೊಂಡರೆ, "ರಸ್ತೆ ಇರೋದು ಬಸ್ಸಿಗೆ ಕಣಕ್ಕ, ನನಗ್ಯಾಕೆ?" ಎನ್ನುತ್ತಿದ್ದ.

ತಿರುಮಣಿ ಕಡೆಯ ಅವನ ಜಮೀನು ಸೋಲಾರ್ ವಿದ್ಯುತ್ ಘಟಕಕ್ಕೆ ಗುತ್ತಿಗೆ ಹೋಗಿ, ಕಾಲುದಾರಿಗಳಿಗೆಲ್ಲ ತಂತಿಬೇಲಿ ಬಿದ್ದ ಮೇಲೆ ಕಾಡು ಸುತ್ತುವ ಹುಚ್ಚು ಹಿಡಿಯಿತು. ಮಧುಗಿರಿ ಕಡೆಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ನೋಡಿ ಬಂದವನಿಗೆ, ತಮಿಳುನಾಡಿನ ಕಡಲಂಚಿನ ಕಾಡೊಂದರಲ್ಲೂ ಅವೇ ಇರುವುದನ್ನು ಮೊಬೈಲಿನಲ್ಲಿ ತೋರಿಸಿದೆ.

"ನಡಿಯಮ್ಮ ಶೈಲಾ, ನಮ್ಮೂರ್ ಜಿಂಕೆ ಸಮುದ್ರದ್ ತಾವ ಏನ್ ಮಾಡ್ತೈತೆ ಕೇಳ್ಕಂಡ್ ಬರಾನ!"

ಆ ಕಾಡಿಗೆ ಹೋಗಿ ಇಳಿದೆವು. ಮೊದಲ ಮರಳುದಿಬ್ಬ ಕಂಡದ್ದೇ ಮಾವ ಚಪ್ಪಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದ. ಇಳಿಯುವಾಗ ಕಂಬಳಿ ಹಾಸಿ, ಅದರ ಮೇಲೆ ಕೂತು ಜಾರಿದ. ನಾನೂ ಜಾರಿದೆ. ಬಾಯಲ್ಲೆಲ್ಲ ಮರಳು, ಹೊಟ್ಟೆ ಹುಣ್ಣಾಗುವಷ್ಟು ನಗು. ಗಾಳಿಗೆ ಬಾಗಿದ ಮರಗಳಡಿಯ ದಾರಿಯಲ್ಲಿ ನರಿಯ ಹೆಜ್ಜೆ, ಏಡಿಯ ಬಿಲ, ಯಾರ ಹಂಗೂ ಇಲ್ಲದ ಕಾಡುಕುದುರೆಗಳು. ಇನ್ನೊಂದು ದಿಬ್ಬದ ನೆತ್ತಿಗೆ ಹತ್ತಿದರೆ ಒಮ್ಮೆಲೇ ಸಮುದ್ರ! ಅದರೆದುರು ಕೊಂಬು ತಿರುಚಿದ ಗಂಡು ಕೃಷ್ಣಮೃಗ.

"ಚೂಡಮ್ಮ ಚೂಡು! ನೋಡಲ್ಲಿ, ನಮ್ಮೋನೇ! ಯಾವಾಗ್ ಬಂದ್ಯೋ ಲೇ?"

ಅದು ಚಂಗನೆ ಹಾರಿ, ಬೆಳ್ಳಗೆ ಬಿರಿದ ಬಯಲೊಂದರ ಆಚೆ ದಡಕ್ಕೆ ಹೋಯಿತು. ದಾರಿ ತೋರುವ ಕಂಬಗಳು ಬಯಲನ್ನು ಸುತ್ತಿಕೊಂಡು ಹೋಗಿದ್ದವು. ಮಾವ ಕಂಬ ನೋಡಿದ, ಬಯಲು ನೋಡಿದ. "ನಮ್ ಕೆರೆ ಅಂಗಳ ಇದ್ದಂಗೇ ಐತೆ. ಇಂಗೇ ಹೋಗ್ಬುಡಾನ."

ಅದು ಕೆರೆಯಲ್ಲ. ತೆಳ್ಳನೆಯ ಉಪ್ಪಿನ ಪದರದಡಿ ಬರೀ ಕೆಸರು.

ಎಡಗಾಲು ಕೀಳಲು ಬಲಗಾಲೂರಿದ, ಅದೂ ಹೋಯಿತು. ಒದ್ದಾಡಿದಷ್ಟೂ ಇಳಿದ. ಸೊಂಟ ಮುಳುಗಿತು. ಪಕ್ಕದ ಕಾಲುವೆಯಲ್ಲಿ ಉಬ್ಬರದ ನೀರು ಏರಿ ಬರುವುದು ಕಾಣುತ್ತಿತ್ತು. ನಾನು ಓಡಿದೆ.

"ಬರಬ್ಯಾಡ! ನಿಮ್ಮಮ್ಮ ನನ್ನ ಸುಮ್ಕೆ ಬುಡಲ್ಲ!"

"ಕಂಬಳಿ ಎಸಿ ಮಾವ!"

ಎಸೆದ. ಅದನ್ನು ನಮ್ಮಿಬ್ಬರ ನಡುವೆ ಹಾಸಿ, ಅದರ ಮೇಲೆ ಬೋರಲು ಮಲಗಿ ಅವನ ಮುಂಗೈಗಳನ್ನು ಹಿಡಿದೆ. "ಎದೆ ಊರಿ ತೆವಳು!"

"ಹೊಸ ಅಂಗಿ ಕಣಮ್ಮ..."

"ಮಾವಾ!"

ಎಷ್ಟು ಹೊತ್ತು ಎಳೆದೆನೋ ಗೊತ್ತಿಲ್ಲ. ಕೊನೆಗೆ ಪಚಕ್ ಎಂದು ಕೆಸರು ಅವನನ್ನು ಬಿಟ್ಟುಕೊಟ್ಟಿತು. ನಾವು ತೆವಳಿ ಕಂಬದ ಬುಡಕ್ಕೆ ಬಂದು ತಿರುಗಿ ನೋಡಿದಾಗ ಕಂಬಳಿಯ ಮೇಲೆ ನೀರು ಹರಿಯುತ್ತಿತ್ತು.

ಆ ಪಚಕ್ ಸದ್ದು ನನ್ನ ಜೊತೆ ಊರಿಗೂ ಬಂತು. ಕಣ್ಣು ಮುಚ್ಚಿದರೆ ಸೊಂಟದವರೆಗೆ ಹೂತ ಮಾವ. ಬೆಚ್ಚಿ ಎದ್ದು ದೀಪ ಹಾಕುತ್ತಿದ್ದೆ. ಅವನಿಗೂ ಏನೋ ಆಗಿತ್ತು. ಮುಂದಿನ ಸಲ ರಸ್ತೆಯಲ್ಲೇ ಬಂದು ಮುಂಬಾಗಿಲು ತಟ್ಟಿ, ಕುರ್ಚಿಯ ತುದಿಯಲ್ಲಿ ಕೂತ. ಹೆಗಲು ಬರಿದು. "ಇದ್ಯಾರಪ್ಪ ಹೊಸಬ್ರು?" ಎಂದು ಅಮ್ಮ ಕೆಣಕಿದರೂ ನಗಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಹಿತ್ತಲ ಅಗುಳಿ ಸದ್ದಾಯಿತು. ಪಂಚೆಯ ತುಂಬ ಜಾಲಿಮುಳ್ಳು, ಹೆಗಲ ಮೇಲೆ ಹೊಸ ಕಂಬಳಿ.

"ಕೆರೆ ಮ್ಯಾಲೇ ಬಂದ್ಬುಟ್ಟೆ ಕಣಮ್ಮ."

"ನೆಲ ನೋಡ್ಕೊಂಡು ಬಂದ್ಯಾ?"

"ಕೋಲಲ್ಲಿ ಚುಚ್ಚಿ ಚುಚ್ಚಿ ಬಂದಿವ್ನಿ. ಕಂಡ ಕುರಿಯೋರು ನಗ್ತಾವ್ರೆ!"

ಮಜ್ಜಿಗೆ ಕುಡಿದು ಬಂದ ದಾರಿಯಲ್ಲೇ ಹೊರಟ. ನಾನು ಹಿತ್ತಲಲ್ಲಿ ನಿಂತು ನೋಡಿದೆ. ಅಂಗಳದ ನಡುಮಧ್ಯ ನಿಂತವನು ನನ್ನತ್ತ ತಿರುಗಿ, ಕೋಲು ಬಿಸುಟು, ಎರಡೂ ಕಾಲೆತ್ತಿ ಕುಪ್ಪಳಿಸಿದ. ಮತ್ತೊಮ್ಮೆ ಕುಪ್ಪಳಿಸಿದ. ನೆಲ ಗಟ್ಟಿಯಿತ್ತು.

ನಾನು ಅವನನ್ನು ಕೊನೆಯ ಸಲ ಕಂಡದ್ದು ಹಾಗೆ. ಆ ಮಳೆಗಾಲದಲ್ಲಿ ಎದೆನೋವು ಬಂದು ಹೋಗಿಬಿಟ್ಟ. ಆದರೆ ಅವನು ಕುಪ್ಪಳಿಸಿದ ಆ ದಿನ ರಾತ್ರಿ ಮಲಗಿದವಳಿಗೆ ಬೆಳಗಿನವರೆಗೂ ಎಚ್ಚರವಾಗಲಿಲ್ಲ.