ಒಳಗೆ ಹೋದವರ ಎಣಿಕೆ

ಬಾಗಲಕೋಟೆಯ ನಮ್ಮ ಪ್ರಯೋಗಾಲಯದ ಕತ್ತಲಕೋಣೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ತಿಳಿಯುವ ಏಕೈಕ ಶಾಸ್ತ್ರೀಯ ವಿಧಾನವೆಂದರೆ ಬಾಗಿಲ ಮುಂದಿನ ಚಪ್ಪಲಿ. ಹಿಂದಿನ ವಾರ ನನ್ನ ಹೊಸ ಜೋಡನ್ನು ಯಾರೋ ಮೆಟ್ಟಿಕೊಂಡು ಹೋಗಿದ್ದರಿಂದ, ಆ ಶನಿವಾರ ಚಪ್ಪಲಿಯನ್ನು ಬಗಲಲ್ಲಿ ಇಟ್ಟುಕೊಂಡೇ ಒಳಗೆ ಹೋದೆ. ವಿಜ್ಞಾನ ಇಂಥ ಅಪಚಾರವನ್ನು ಕ್ಷಮಿಸುವುದಿಲ್ಲ.

ಕೈಯಲ್ಲಿ ಒಂದೇ ಒಂದು ಸ್ಲೈಡು. ಕುಳಗೇರಿ ಕ್ರಾಸ್ ಕಡೆಯ ಕುರಿಗಾರನೊಬ್ಬನ ಹದಿನೇಳರ ಮಗಳ ಚರ್ಮದಿಂದ ಬೆಳೆಸಿದ ಜೀವಕೋಶಗಳು ಅದರ ಮೇಲಿದ್ದವು, ಉಳಿದವೆಲ್ಲ ಸತ್ತಿದ್ದವು. ಹುಡುಗಿಗೆ ಕಣ್ಣು ಕೆಳಕ್ಕೆ ಹೊರಳುತ್ತಿರಲಿಲ್ಲ, ಮೆಟ್ಟಿಲಿಳಿಯುವಾಗ ಮುಗ್ಗರಿಸುತ್ತಿದ್ದಳು. ಊರವರು ದೃಷ್ಟಿ ಎಂದಿದ್ದರು, ಸಾಲಿಯ ಮಾಸ್ತರರು ಆಲಸ್ಯ ಎಂದಿದ್ದರು.

ಸ್ಲೈಡಿಗೆ ಹಚ್ಚಿದ ಫಿಲಿಪಿನ್ ಎಂಬ ಬಣ್ಣ ಕೊಲೆಸ್ಟರಾಲ್ ಎಂಬ ಕೊಬ್ಬು ಇದ್ದಲ್ಲಿಗೆ ಹೋಗಿ ಅಂಟಿಕೊಂಡು, ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಆರೋಗ್ಯವಂತ ಕೋಶವಾದರೆ ಅಂಚಿನ ಪೊರೆಗೊಂದು ತೆಳು ನೀಲಿ ಗೆರೆ. ನಮಗೆ ಸಂಶಯವಿದ್ದ ಅಪರೂಪದ ರೋಗವಿದ್ದರೆ ಒಳಗೆಲ್ಲ ನೀಲಿ ಗುಡ್ಡೆ. ಆದರೆ ಬಣ್ಣ ಭಾಳ ನಾಚಿಕೆಯದು. ನೋಡಿದಷ್ಟೂ ಮಾಸುತ್ತದೆ, ಒಂದೆರಡು ನಿಮಿಷದಲ್ಲಿ ಏನೂ ಉಳಿಯುವುದಿಲ್ಲ. ಕ್ಯಾಮೆರಾ ದುರಸ್ತಿಗೆ ಹೋಗಿತ್ತು. ಹಾಗಾಗಿ ನಾನೂ ನನ್ನ ಸಹೋದ್ಯೋಗಿ ಮೇಡಂ ಅವರೂ ಒಟ್ಟಿಗೇ ನೋಡಿ ಸಹಿ ಮಾಡಬೇಕಿತ್ತು. ಅವರು ಊಟಕ್ಕೆ ಹೋಗಿದ್ದರು.

ಎರಡಕ್ಕೆ ಹೊರಗೆ ಕೀಲಿ ಬಿದ್ದ ಸದ್ದು. ಶನಿವಾರದ ಅರ್ಧ ದಿನ ಮುಗಿಸುತ್ತಿದ್ದ ಅಟೆಂಡರ್, ಚಪ್ಪಲಿ ಕಾಣದೆ, ಕರ್ತವ್ಯ ನಿರ್ವಹಿಸಿದ್ದ. ಕೂಗಿದೆ, ಬಡಿದೆ. ಬೆಳಕು ಬಾರದಂತೆ ಬಾಗಿಲಿಗೆ ಹೊಡೆಸಿದ ದಪ್ಪ ಕಂಬಳಿ ಸದ್ದನ್ನೂ ಹೊರಗೆ ಬಿಡಲಿಲ್ಲ, ಹೊಡೆಸಿದವನು ನಾನೇ. ಮೊಬೈಲು ನಿಯಮದಂತೆ ಹೊರಗಿನ ಮೇಜಿನ ಮೇಲಿತ್ತು. ನಿಯಮ ಬರೆದವನೂ ನಾನೇ.

ಲೈಟಿನ ಗುಂಡಿ ಕೈಗೆಟುಕುತ್ತಿತ್ತು. ಹಾಕಲಿಲ್ಲ. ಸ್ಲೈಡಿನ ಮೇಲೆ ಡಬ್ಬಿ ಬೋರಲು ಹಾಕಿ, ಕಾವಿಗೆ ಕೂತ ಕೋಳಿಯಂತೆ ಕೂತೆ. ಒಬ್ಬನೇ ನೋಡಿದರೆ ಸಾಕ್ಷಿ ಸುಟ್ಟುಹೋಗುತ್ತದೆ. ಸೋಮವಾರದವರೆಗೆ ಕಾದರೂ ಹೋಗುತ್ತದೆ.

ಮುಂದಿನದು ಮೇಡಂ ಆಮೇಲೆ ಹೇಳಿದ್ದು. ಊಟ ಮುಗಿಸಿ ಬಂದು ಕೀಲಿ ನೋಡಿದ ಅವರು ಇಳಕಲ್ಲಿನ ಬಸ್ಸಿಗೆ ಹೊರಟಿದ್ದರಂತೆ. ಅಂಗಳದಾಚೆ ಬೇವಿನ ಕಟ್ಟೆಯ ಮೇಲೆ ಮಗಳೊಡನೆ ಕಾದಿದ್ದ ಕುರಿಗಾರ ಎದ್ದು ಅಡ್ಡ ಬಂದ. ಅಟೆಂಡರ್ ಕೀಲಿ ಹಾಕಿದಾಗ ಇದೂ ಪರೀಕ್ಷೆಯ ಪದ್ಧತಿಯೇ ಇರಬೇಕೆಂದು ಸುಮ್ಮನಿದ್ದನಂತೆ. ಸರ್ ಮನೆಗೆ ಹೋಗಿರುತ್ತಾರೆ ಎಂದರೆ ಒಪ್ಪಲಿಲ್ಲ.

“ಕೀಲಿ ಏನರ ಹೇಳ್ಲಿರಿ ಅಕ್ಕಾರ. ದೊಡ್ಡಿ ಬಾಗಲಾಗ ಕುಂತು ಎಣಿಸೂ ಮಂದಿ ನಾವು. ಒಳಗ ಹೋದಾವ್ರು ಹೊರಗ ಬಂದಿಲ್ಲ.”

ಬಸ್‌ಸ್ಟ್ಯಾಂಡಿನಿಂದ ಅಟೆಂಡರನನ್ನು ಹಿಡಿದು ತಂದರು. ಬಾಗಿಲು ಅಲುಗಿದಾಗ, ಪೂರ್ತಿ ತೆಗೀಬ್ಯಾಡ್ರಿ ಎಂದು ಒಳಗಿನಿಂದ ಕೂಗಿದೆ. ಕೈದಿಯ ಬಾಯಲ್ಲಿ ಅಪರೂಪದ ಮಾತು. ಮೇಡಂ ಸಂದಿಯಲ್ಲಿ ನುಸುಳಿದರು. ಸೂಕ್ಷ್ಮದರ್ಶಕದ ದೀಪ ಹೊತ್ತಿಸಿ ಸರದಿಯಂತೆ ಕಣ್ಣಿಟ್ಟೆವು. ಒಳಗೆಲ್ಲ ನೀಲಿ ಗುಡ್ಡೆ. ಮೂರನೆಯ ಸರದಿಗೆ ಬರೀ ಕತ್ತಲು.

ಕುರಿಗಾರನಿಗೆ ನಾನೇ ಹೇಳಿದೆ. ಎಲ್ಲರಿಗೂ ಈ ಕೊಬ್ಬು ಜೀವಕೋಶದ ಗೋಡೆಯಲ್ಲಿರುತ್ತದೆ. ನಿನ್ನ ಮಗಳಿಗೆ ಒಳಗೆ ಹೋದದ್ದು ಹೊರಗೆ ಬರಲಾರದೆ ತುಂಬಿಕೊಂಡಿದೆ ಎಂದೆ.

ಅವನು ನನ್ನನ್ನೂ ನನ್ನ ಹಿಂದಿನ ಬಾಗಿಲನ್ನೂ ನೋಡಿದ.

“ಅದರ ಚಾವಿ ಯಾರ ಹಂತ್ಯಾಕ ಐತ್ರಿ?”

ಯಾರ ಹತ್ತಿರವೂ ಇಲ್ಲ ಎಂದೆ. ಒಂದು ಗುಳಿಗೆ ಇದೆ, ರೋಗವನ್ನು ನಿಧಾನ ಮಾಡುತ್ತದೆ, ಬಾಗಿಲು ತೆಗೆಯುವುದಿಲ್ಲ. ಅವನು ತಲೆಯಾಡಿಸಿದ. ಕಟ್ಟೆಯ ಮೇಲಿದ್ದ ಮಗಳ ಕೈ ಹಿಡಿದು, ಒಂದೊಂದೇ ಮೆಟ್ಟಿಲನ್ನು ಗಟ್ಟಿಯಾಗಿ ಎಣಿಸುತ್ತ ಕೆಳಗಿಳಿಸಿದ.