ಗೌರಮ್ಮನ ಎಳ್ಳಿನ ಪೊಟ್ಟಣ

ಬಟ್ಟೆ ಒಣಹಾಕುವ ತಂತಿಯ ಮೇಲೆ ಸೀರೆ, ಪಂಚೆ, ಮಕ್ಕಳ ಚಡ್ಡಿಗಳು ತೂಗಾಡುವುದನ್ನು ನೀವೆಲ್ಲ ನೋಡಿರುತ್ತೀರಿ. ನಾನು ಮಾತ್ರ ನನ್ನ ಪ್ರಾಯದ ಒಂದಷ್ಟು ವರ್ಷಗಳನ್ನು ಕೈಗಳು ತೂಗಾಡುವ ತಂತಿಯ ಕೆಳಗೆ ಕಳೆದವಳು. ಮೈಸೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ನಾನು ನರ್ಸಾಗಿ ಸೇರಿದ ತೊಂಬತ್ತರ ದಶಕದಲ್ಲಿ ರಬ್ಬರಿನ ಗ್ಲೌಸುಗಳನ್ನು ಒಮ್ಮೆ ತೊಟ್ಟು ಎಸೆಯುವಷ್ಟು ಸಿರಿವಂತಿಕೆ ನಮಗಿರಲಿಲ್ಲ. ತೊಳೆದು, ನೀರು ತುಂಬಿಸಿ ಎಲ್ಲಾದರೂ ತೂತಿದೆಯೇ ಎಂದು ನೋಡಿ, ತಂತಿಗೆ ನೇತುಹಾಕಿ, ಒಣಗಿದ ಮೇಲೆ ಪೌಡರು ಬಳಿದು, ಎಡಗೈಗೊಂದು ಬಲಗೈ ಹುಡುಕಿ ಜೋಡಿ ಮಾಡಿ, ಹಬೆಯಲ್ಲಿ ಬೇಯಿಸಿ ಮತ್ತೆ ತೊಡುತ್ತಿದ್ದೆವು. ಬಲಗೈಗಳೇ ಮೊದಲು ಹರಿಯುತ್ತಿದ್ದುದರಿಂದ ಪೆಟ್ಟಿಗೆಯಲ್ಲಿ ಯಾವಾಗಲೂ ಒಂಟಿ ಎಡಗೈಗಳದೇ ಕಾರುಬಾರು.

ಕೈಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಮೊಣಕೈವರೆಗೆ ಸೋಪು ಹಚ್ಚಿ, ಬೆರಳ ಸಂದಿಗಳನ್ನೂ ಉಗುರಿನ ಮೂಲೆಗಳನ್ನೂ ಬಿಡದೆ ತಿಕ್ಕಿ ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರು ವಾರ್ಡಿನಲ್ಲಿರಲಿಲ್ಲ. ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುವ ಮುಂಚೆಯೂ ನಾನು ಹೀಗೇ ಶುರುಮಾಡಿದರೆ ಯಜಮಾನರು, "ಆಪರೇಷನ್ ಎಷ್ಟು ಹೊತ್ತಿಗೆ ಮುಗಿಯುತ್ತೆ? ಹೊಟ್ಟೆ ಹಸೀತಿದೆ ಕಣೇ" ಎನ್ನುತ್ತಿದ್ದರು. ನನಗೆ ರೇಗುತ್ತಿತ್ತು, ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು.

ಗ್ಲೌಸು ತೊಡುವುದೇನೋ ಬೇಗ ಕಲಿತೆ. ಅದನ್ನು ಯಾರಿಗಾಗಿ ತೊಡುತ್ತೇವೆ ಎಂಬುದನ್ನು ಕಲಿಯಲು ಮಾತ್ರ ಬಹಳ ವರ್ಷ ಹಿಡಿಯಿತು. ನಡುವೆ ಕೆಲಕಾಲ ನನ್ನನ್ನು ಕ್ಯಾನ್ಸರ್ ರೋಗಿಗಳ ವಾರ್ಡಿಗೆ ಹಾಕಿದ್ದರು. ಅಲ್ಲಿ ಔಷಧಿ ಏರಿಸಿದ ಕೆಲವು ದಿನಗಳಿಗೆ ರೋಗಿಯ ರಕ್ತದ ಬಿಳಿಕಣಗಳು ಇಳಿದುಹೋಗಿ, ಮೈಯಲ್ಲಿ ರೋಗವನ್ನು ತಡೆಯುವ ಶಕ್ತಿಯೇ ಉಳಿಯುವುದಿಲ್ಲ. ನಮಗೆ ಒಂದು ಸೀನಿನಲ್ಲಿ ಮುಗಿಯುವ ನೆಗಡಿ ಅವರ ಜೀವಕ್ಕೆ ಎರವಾಗಬಹುದು. ನೋಡಲು ಬರುವವರು ಅಕ್ಕರೆಯಿಂದ ತರುವ ಹೆಚ್ಚಿದ ಹಣ್ಣು, ದೇವಸ್ಥಾನದ ತೀರ್ಥ, ಮುಡಿಗೆಂದು ತಂದ ಮಲ್ಲಿಗೆ, ಎಲ್ಲವನ್ನೂ ನಾವು ಬಾಗಿಲಲ್ಲೇ ತಡೆದು ಕೆಟ್ಟವರಾಗುತ್ತಿದ್ದೆವು. ಅಲ್ಲಿ ಗ್ಲೌಸು, ಮಾಸ್ಕು, ಕೈ ತೊಳೆಯುವ ಶಾಸ್ತ್ರ ಎಲ್ಲ ನಮ್ಮಿಂದ ಅವರನ್ನು ಕಾಪಾಡುವುದಕ್ಕೆ. ಅದನ್ನು ನಾನು ಚೆನ್ನಾಗಿ ಅರಿತಿದ್ದೆ, ಹೊಸ ಹುಡುಗಿಯರಿಗೆ ಪಾಠ ಹೇಳುವಷ್ಟು ಅರಿತಿದ್ದೆ.

ಆದರೆ ಎಚ್ಐವಿ ತಗುಲಿದವರ ಮಂಚದ ಬಳಿಗೆ ಬಂದಾಗ ಆ ಪಾಠ ಎತ್ತ ಹೋಗುತ್ತಿತ್ತೋ! ಅವರಲ್ಲೂ ಕುಂದಿರುವುದು ಅದೇ ರೋಗನಿರೋಧಕ ಶಕ್ತಿ, ನಮ್ಮ ಕೆಮ್ಮು ನೆಗಡಿಗೆ ಹೆದರಬೇಕಾದವರು ಅವರೇ. ಆ ವರ್ಷಗಳಲ್ಲಿ ನಾವು ಮಾಡುತ್ತಿದ್ದುದು ತಿರುಗುಮುರುಗು. ಬಚ್ಚಲಿನ ಪಕ್ಕದ ಮೂಲೆ ಮಂಚ ಅವರಿಗೆ. ತಟ್ಟೆ ಲೋಟಗಳ ಬೆನ್ನಿಗೆ ಕೆಂಪು ಬಣ್ಣದ ಗುರುತು. ರಕ್ತ ಮುಟ್ಟುವಾಗ ಗ್ಲೌಸು ಬೇಕು, ಸರಿಯೇ. ನೀರು ಕುಡಿಸಲು ಬೇಡ, ದಿಂಬು ಸರಿಮಾಡಲು ಬೇಡ ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದ ನಾನು, ನೀರು ಕುಡಿಸಲಿಕ್ಕೂ ಒಂದರ ಮೇಲೊಂದು ಎರಡು ಜೊತೆ ತೊಡುತ್ತಿದ್ದೆ. ಯಾರೂ ಕೇಳಲಿಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದರು.

ಅಂಥ ಮೂಲೆ ಮಂಚಕ್ಕೆ ಬಂದವಳು ಗೌರಮ್ಮ. ಮೂವತ್ತೈದರ ಒಳಗಿನ ವಯಸ್ಸು, ಹಣೆಯ ಮೇಲೆ ತೆಳುವಾಗಿ ವಿಭೂತಿ, ಗಂಡ ತೀರಿಕೊಂಡು ಎರಡು ವರ್ಷ. ಊರು ಬಿಟ್ಟು ಬಂದು ವಿದ್ಯಾರಣ್ಯಪುರಂನ ಒಂದು ಕೋಣೆಯಲ್ಲಿ ಮಗಳು ಶೈಲಜಳೊಂದಿಗೆ ಇದ್ದಳು. ಬಾಯಿ, ಗಂಟಲೆಲ್ಲ ಬಿಳಿ ಹುಣ್ಣು. ಉಗುಳು ನುಂಗಲೂ ಕಣ್ಣಲ್ಲಿ ನೀರು ಬರುವಂಥ ಸ್ಥಿತಿ. ನಾಲ್ಕು ಗಂಟೆಗೊಮ್ಮೆ ಹತ್ತಿಯಿಂದ ಬಾಯಿ ಒರೆಸಿ ಔಷಧಿ ಹಚ್ಚಿದೆ, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಿದೆ, ತಣ್ಣನೆಯ ಗಂಜಿಯನ್ನು ಚಮಚ ಚಮಚವಾಗಿ ಕುಡಿಸಿದೆ. ನನ್ನ ಕೆಲಸದಲ್ಲಿ ಕೊರತೆಯಿರಲಿಲ್ಲ, ಎರಡು ಜೊತೆ ಗ್ಲೌಸೊಂದನ್ನು ಬಿಟ್ಟರೆ. ಮೂರು ವಾರಕ್ಕೆ ಎದ್ದು ಕೂತಳು, ಐದನೇ ವಾರಕ್ಕೆ ಮನೆಗೆ ಹೋದಳು.

ಅವಳ ಕಸುಬು ಏನೆಂದು ಹೇಳಿದರೆ ಮೈಸೂರಿನವರಿಗೆ ಕೂಡಲೇ ಬಾಯಲ್ಲಿ ನೀರೂರೀತು. ವರ್ಷವಿಡೀ ನಾಲ್ಕಾರು ಮನೆಗಳಿಗೆ ಚಕ್ಕುಲಿ, ಕೋಡುಬಳೆ, ಹೋಳಿಗೆ ಮಾಡಿಕೊಡುತ್ತಿದ್ದಳು. ಸಂಕ್ರಾಂತಿ ಹತ್ತಿರವಾದರೆ ಎಳ್ಳು. ಕೊಬ್ಬರಿಯ ಬೆನ್ನಿನ ಕಪ್ಪು ಸಿಪ್ಪೆಯನ್ನು ಒಂದಿಷ್ಟೂ ಉಳಿಯದಂತೆ ಹೆರೆದು, ಎಳೆಎಳೆಯಾಗಿ ಹೆಚ್ಚಿ, ಅಚ್ಚು ಬೆಲ್ಲವನ್ನು ಅಡಕೊತ್ತಿನಲ್ಲಿ ಒಂದೇ ಅಳತೆಯ ಚೂರು ಮಾಡಿ ಬಿಸಿಲಿಗಿಟ್ಟು, ಹುರಿದ ಕಡಲೆಬೀಜ, ಹುರಿಗಡಲೆ, ಬಿಳಿ ಎಳ್ಳು ಬೆರೆಸುವುದು ಎಷ್ಟು ನಾಜೂಕಿನ ಕೆಲಸವೆಂದು ಮಾಡಿದವರಿಗೇ ಗೊತ್ತು. ಬೆರಳು ಹೆಚ್ಚಿಕೊಳ್ಳದೆ ಆ ಕೆಲಸ ಮುಗಿಸಿದ ಹೆಂಗಸನ್ನು ನಾನಂತೂ ನೋಡಿಲ್ಲ.

ಹಬ್ಬಕ್ಕೆ ನಾಲ್ಕು ದಿನವಿರುವಾಗ ಮಾತ್ರೆ ತೆಗೆದುಕೊಂಡು ಹೋಗಲು ಬಂದ ಗೌರಮ್ಮ, ಸೆರಗಿನ ಮರೆಯಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. ಎಳ್ಳಿನ ಮೇಲೆ ಗಿಣಿಯ ಆಕಾರದ ಒಂದು ಸಕ್ಕರೆ ಅಚ್ಚು.

"ತಕ್ಕಳಿ ಸಿಸ್ಟ್ರೇ, ನಿಮ್ಮ ಮಗೀಗೆ. ಹುಷಾರಾಗಿ ಹೆಚ್ಚಿವ್ನಿ. ಬೆರಳು ಕುಯ್ಕಂಡಿಲ್ಲ, ನೋಡಿ ಬೇಕಾರೆ" ಎಂದು ಹತ್ತು ಬೆರಳುಗಳನ್ನೂ ನನ್ನ ಮುಂದೆ ಚಾಚಿದಳು.

ನಾನು ನಕ್ಕು, "ಅಯ್ಯೋ, ಹಾಗೆಲ್ಲ ಏನಿಲ್ಲ ಗೌರಮ್ಮ. ತುಂಬಾ ಸಂತೋಷ" ಎಂದೆ. ಅವಳು ಬಾಗಿಲು ದಾಟಿದಳು. ಐದು ನಿಮಿಷವೂ ಆಗಿರಲಿಕ್ಕಿಲ್ಲ, ಆ ಪೊಟ್ಟಣವನ್ನು ಕೆಂಪು ಬಕೆಟ್ಟಿಗೆ, ರಕ್ತದ ಹತ್ತಿ ಹಾಕುವ ಬಕೆಟ್ಟಿಗೆ ಹಾಕಿ, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡೆ.

ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ, ಓದುಗ ಮಿತ್ರರೇ. ಆ ವೈರಸ್ಸು ತಿನಿಸಿನಿಂದ ಹರಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಂದು ವೇಳೆ ಬೆರಳು ಹೆಚ್ಚಿಕೊಂಡೇ ಇದ್ದರೂ ಬಿಸಿಲಿನಲ್ಲಿ ಒಣಗಿದ ಬೆಲ್ಲದಲ್ಲಿ ಅದು ಬದುಕಿರುವುದಿಲ್ಲ ಎಂದೂ ಗೊತ್ತಿತ್ತು. ತಿಳಿವಳಿಕೆ ತಲೆಯಲ್ಲಿರುತ್ತದೆ, ಅಂಜಿಕೆ ಕೈಯಲ್ಲಿರುತ್ತದೆ, ಮತ್ತು ಕೈ ಯಾವಾಗಲೂ ತಲೆಗಿಂತ ಮುಂಚೆ ಓಡುತ್ತದೆ ಎಂದು ಅಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಗಳ ಬಾಯಿಗೆ ಹೋಗುವ ವಸ್ತು, ತಾಯಿಯಾದವಳು ಒಂದು ಕೈ ಹೆಚ್ಚೇ ಎಚ್ಚರವಾಗಿರಬೇಕು ಎಂದುಕೊಂಡೆ. ಸಂಜೆ ಬಸ್ಸು ಹತ್ತುವ ಹೊತ್ತಿಗೆ ಮರೆತೂಬಿಟ್ಟೆ.

ಯುಗಾದಿ ಕಳೆದ ಮೇಲೆ ಗೌರಮ್ಮ ಮತ್ತೆ ಬಂದಳು. ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ, ನಾನು ಚಮಚ ಚಮಚವಾಗಿ ಕುಡಿಸಿ ಏರಿಸಿದ ತೂಕವೆಲ್ಲ ಇಳಿದುಹೋಗಿತ್ತು. ನನಗೆ ಸಿಟ್ಟು ಬಂತು.

"ಏನಮ್ಮ ಇದು? ಊಟ ಮಾಡ್ತಿದ್ದೀಯೋ ಇಲ್ವೋ? ಹೀಗಾದ್ರೆ ಮಾತ್ರೆ ತಾನೇ ಏನು ಮಾಡುತ್ತೆ?"

"ಕೆಲ್ಸ ಬುಟ್ಬುಟ್ಟೆ ಸಿಸ್ಟ್ರೇ. ಉಣ್ಣಕ್ಕೆ ಕಷ್ಟ ಆಯ್ತದೆ."

"ಯಾಕೆ ಬಿಟ್ಟೆ? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರಿಗೂ ಗೊತ್ತೇ ಇಲ್ಲ, ಅನ್ನೋರು ಯಾರು?" ಎಂದವಳು ತೂಕದ ಯಂತ್ರದಿಂದ ಇಳಿದಳು. "ಅವತ್ತು ಚೀಟಿ ಮರ್ತೋಗಿದ್ದೆ ಅಂತ ವಾಪಸ್ ಬಂದೆ. ನೀವು ಕೈ ತೊಳೀತಿದ್ರಿ. ಬಕೆಟ್ಟಲ್ಲಿ ನನ್ನ ಪೊಟ್ಣ ಇತ್ತು."

ನನ್ನ ಮುಖಕ್ಕೆ ರಕ್ತ ನುಗ್ಗಿತು. ಆದರೆ ಅವಳ ದನಿಯಲ್ಲಿ ದೂರಿನ ಎಳೆಯೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

"ಓದ್ದೋರು ನೀವು. ಬಾಯಲ್ಲಿ ಹೇಳಕ್ಕೆ ಸಂಕೋಚ ಪಟ್ಕಂಡು ಅಂಗೆ ಮಾಡಿದ್ರಿ ಅಂದ್ಕಂಡೆ. ಒಳ್ಳೇದೇ ಆಯ್ತು ಕಣ್ರೀ. ಇಲ್ದಿದ್ರೆ ಎಷ್ಟು ಮನೆ ಮಕ್ಳಿಗೆ ನನ್ನ ಕೈಯಿಂದ ಅಂಟುಸ್ಬುಡ್ತಿದ್ನೋ. ಹೆಚ್ಚಿಟ್ಟಿದ್ದನ್ನೆಲ್ಲ ಮೋರಿಗೆ ಸುರಿದ್ಬುಟ್ಟೆ. ನಮ್ಮ ಶೈಲಂಗೂ ಅಷ್ಟೇ, ನಾನು ತುತ್ತು ಹಾಕಲ್ಲ. ಬ್ಯಾರೆ ಚಾಪೆ, ಬ್ಯಾರೆ ಲೋಟ, ಅವಳಿಗೊಂದು ಸ್ಪೂನು ಮಡಗಿವ್ನಿ."

ಮನೆಗಳವರು ಯುಗಾದಿಯ ಹೋಳಿಗೆಗೆ ಕರೆದರೂ ಹೋಗಿರಲಿಲ್ಲ ಆ ಪುಣ್ಯಾತ್ಮಗಿತ್ತಿ. ನನ್ನ ಐದು ನಿಮಿಷದ ಹೇಡಿತನವನ್ನು ಅವಳು ವೈದ್ಯಶಾಸ್ತ್ರದ ಅಪ್ಪಣೆಯೆಂದು ತಿಳಿದು ಮೂರು ತಿಂಗಳು ಪಾಲಿಸಿದ್ದಳು. ವೈರಸ್ಸು ಕಿತ್ತುಕೊಳ್ಳದ ಎರಡನ್ನು, ಅವಳ ಕಸುಬನ್ನೂ ಮಗುವಿನ ಬಾಯಿಯ ತುತ್ತನ್ನೂ, ನಾನು ಕಿತ್ತುಕೊಂಡಿದ್ದೆ. ಗ್ಲೌಸಿನ ಕೈಯನ್ನೇ ಮುಂದೆ ಮಾಡಿಕೊಂಡು, ಅಪಾಯವಿಲ್ಲ, ತಪ್ಪು ನನ್ನದು, ಹೆದರಿ ಎಸೆದೆ, ನಿನ್ನ ಅಡುಗೆಯಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಆಯ್ತು ಬುಡಿ" ಎಂದಳು. ನನ್ನನ್ನು ಸಮಾಧಾನ ಮಾಡುವುದಕ್ಕೆ ಅಂದ ಮಾತು ಅದು. ಅವಳು ಕಣ್ಣಾರೆ ಕಂಡದ್ದನ್ನು ನನ್ನ ಬಾಯಿಮಾತು ಅಳಿಸುವ ಹಾಗಿರಲಿಲ್ಲ.

ಮುಂದಿನ ಭಾನುವಾರವೇ ಮಗಳನ್ನು ಕರೆದುಕೊಂಡು ಅವಳ ಮನೆಗೆ ಹೋಗಬೇಕೆಂದಿದ್ದೆ. ಆದರೆ ಅನುವಿಗೆ ನೆಗಡಿಯಾಗಿತ್ತು. ಅಷ್ಟು ಕುಗ್ಗಿದ ಗೌರಮ್ಮನ ಬಳಿಗೆ ನೆಗಡಿಯ ಮಗುವನ್ನು ಒಯ್ಯುವುದು ಸಲ್ಲದೆಂದು ಒಂದು ವಾರ ಮುಂದೂಡಿದೆ. ಯಾರಿಂದ ಯಾರನ್ನು ಕಾಪಾಡಬೇಕು ಎಂಬ ಲೆಕ್ಕ ಮೂಲೆ ಮಂಚದವರ ವಿಷಯದಲ್ಲಿ ನನಗೆ ಸರಿಯಾಗಿ ಬಂದದ್ದು ಅದೇ ಮೊದಲು.

ಮರುವಾರ ನಾವಿಬ್ಬರೂ ಬಾಗಿಲಲ್ಲಿ ನಿಂತಾಗ ಮಧ್ಯಾಹ್ನದ ಹೊತ್ತು. ಗೌರಮ್ಮ ಗಾಬರಿಯಾದಳು. ಚಾಪೆ ಹಾಸಿ, ಹೋಟೆಲಿನಿಂದ ಏನಾದರೂ ತರಿಸುತ್ತೇನೆ ಎಂದಳು.

"ಹೋಟ್ಲು ಬೇಡ. ಮನೇಲಿ ಅನ್ನ ಮೊಸರು ಇದೆಯಾ? ಕಲೆಸಿ ಕೈತುತ್ತು ಹಾಕು. ನನಗೂ, ಇವಳಿಗೂ."

"ತಮಾಷೆ ಮಾಡ್ಬ್ಯಾಡಿ ಸಿಸ್ಟ್ರೇ."

"ತಮಾಷೆ ಮಾಡೋಕೆ ಒಂಟಿಕೊಪ್ಪಲಿಂದ ಎರಡು ಬಸ್ಸು ಹತ್ತಿ ಬಂದಿಲ್ಲ ಕಣಮ್ಮ. ಹಸಿವಾಗಿದೆ."

ಅವಳು ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದಳು, ಕಿಟಕಿಯ ಬೆಳಕಿಗೆ ಬೆರಳುಗಳನ್ನು ಒಂದೊಂದಾಗಿ ಹಿಡಿದು ಎಲ್ಲಾದರೂ ಗಾಯವಿದೆಯೇ ಎಂದು ನೋಡಿಕೊಂಡಳು, ಮತ್ತೊಮ್ಮೆ ತೊಳೆದಳು. ನಾನು ಬೇಡವೆನ್ನಲಿಲ್ಲ, ಅವಳ ಸಮಾಧಾನಕ್ಕೆ ಅದು ಬೇಕಿತ್ತು. ಒಂದು ಬೋಸಿಯಲ್ಲಿ ಅನ್ನ ಕಲೆಸಿಕೊಂಡು ನಡುವೆ ಕೂತಳು. ಅನು ನನ್ನ ಪಕ್ಕದಲ್ಲಿ, ಒಂಬತ್ತು ವರ್ಷದ ಶೈಲಜ ಸ್ವಲ್ಪ ದೂರದಲ್ಲಿ ಗೋಡೆಗೊರಗಿ.

ಮೊದಲ ತುತ್ತಿಗೆ ನಾನು ಅಂಗೈ ಒಡ್ಡಿದೆ. ತಿಂದೆ. ಭಯವಿರಲಿಲ್ಲ, ಇದ್ದದ್ದು ನಾಚಿಕೆಯೊಂದೇ. ಎರಡನೆಯ ತುತ್ತಿಗೆ ಅನು ತನ್ನ ಪುಟ್ಟ ಕೈ ಚಾಚಿದಾಗ ಮಾತ್ರ ನನ್ನ ಎದೆ ಒಮ್ಮೆ ಧಸಕ್ಕೆಂದಿತು, ಸುಳ್ಳು ಹೇಳಲಾರೆ. ಗೌರಮ್ಮ ಅದನ್ನು ಕಂಡಳೋ ಏನೋ, ತುತ್ತು ಹಿಡಿದ ಕೈಯನ್ನು ತಡೆದಳು. ನಾನೇ ಅವಳ ಮುಂಗೈ ಹಿಡಿದು, ಬರಿಗೈಯಲ್ಲಿ ಹಿಡಿದು, ಮಗಳ ಅಂಗೈಗೆ ತಂದೆ. ಅನು ತಿಂದು, ಬೆರಳು ನೆಕ್ಕಿ, "ಉಪ್ಪಿನಕಾಯಿ ಇಲ್ವಾ ಆಂಟಿ?" ಎಂದಳು. ಗೌರಮ್ಮನಿಗೆ ನಗು ಬಂತು, ಕಣ್ಣೂ ತುಂಬಿತು.

ಮೂರನೆಯ ತುತ್ತು ಕೈಯಲ್ಲಿ ಉಂಡೆಯಾಗುತ್ತಿದ್ದಂತೆ ಶೈಲಜ ಎದ್ದು ನಿಂತಳು. "ನಂದು ಸ್ಪೂನು ತಕ್ಕಂಡ್ ಬತ್ತೀನಿ, ತಾಳವ್ವ."

"ಬ್ಯಾಡ ಕಣವ್ವ" ಎಂದಳು ಗೌರಮ್ಮ. "ಕೂತ್ಕೊ. ಕೈ ಒಡ್ಡು."

ಹುಡುಗಿ ತಾಯಿಯ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಬಂದು ತಾಯಿಯ ಮಂಡಿಗೆ ಮಂಡಿ ತಾಗಿಸಿ ಕೂತು, ಎರಡೂ ಅಂಗೈ ಕೂಡಿಸಿ ಒಡ್ಡಿದಳು. ಬೋಸಿ ಬರಿದಾಗುವವರೆಗೂ ಹಿಂದಕ್ಕೆ ತೆಗೆಯಲಿಲ್ಲ.